ಚಮಚಗಳದ್ದು ತಪ್ಪಿಲ್ಲ, ಪಟ್ಟಿಯದ್ದೇ ತಪ್ಪು

ಸಾರಿನ ಪುಡಿಯ ಒಂದು ವಿಧಾನ ನನಗೆ ಗ್ರಾಂ ಲೆಕ್ಕದಲ್ಲಿ ಸಿಕ್ಕಿತು. ಮನೆಯಲ್ಲಿ ತಕ್ಕಡಿ ಇರಲಿಲ್ಲ. ಆಗ ತರಿಸಿದ್ದು ಈ ಅಳತೆ ಚಮಚಗಳನ್ನು. ಒಂದು ಬಳೆಗೆ ಪೋಣಿಸಿದ ಐದು ಉಕ್ಕಿನ ಚಮಚಗಳು, ಜೊತೆಗೆ ಗ್ರಾಂಗಳನ್ನು ಚಮಚಕ್ಕೆ ಇಳಿಸಿ ತೋರಿಸುವ ಒಂದು ಪಟ್ಟಿ, ಎಲ್ಲ ಸೇರಿ 350 ರೂಪಾಯಿ. ನಿಜ ಹೇಳಬೇಕೆಂದರೆ ನಾನು ಹಣ ಕೊಟ್ಟದ್ದು ಆ ಪಟ್ಟಿಯ ಆಸೆಗೆ.

ಚಮಚಗಳ ಬಗ್ಗೆ ದೂರಿಲ್ಲ. ಔಷಧದಂಗಡಿಯಿಂದ ತಂದ 5 ಮಿ.ಲೀ. ಸಿರಿಂಜಿನಿಂದ ನೀರು ಹಾಕಿ ನೋಡಿದಾಗ ಟೀ ಚಮಚ ಒಂದು ಸಿರಿಂಜಿಗೆ, ಟೇಬಲ್ ಚಮಚ ಮೂರು ಸಿರಿಂಜಿಗೆ ಅಂಚಿನವರೆಗೆ ತುಂಬಿತು. ಅಳತೆಯ ಅಂಕಿಗಳನ್ನು ಲೋಹದಲ್ಲೇ ಕೊರೆದಿರುವುದರಿಂದ ಉಜ್ಜಿ ತೊಳೆದರೂ ಅಳಿಯುವುದಿಲ್ಲ. ದೊಡ್ಡ ಚಮಚ ಮಾತ್ರ ಮಸಾಲೆ ಡಬ್ಬಿಯ ಬಟ್ಟಲುಗಳಲ್ಲಿ ಹಿಡಿಸುವುದಿಲ್ಲ.

ಪಟ್ಟಿಯ ವಿಷಯವೇ ಬೇರೆ. ಅದರಲ್ಲಿ ಎಲ್ಲ ಪದಾರ್ಥಕ್ಕೂ ಒಂದೇ ಲೆಕ್ಕ: ಟೀ ಚಮಚಕ್ಕೆ 5 ಗ್ರಾಂ, ಟೇಬಲ್ ಚಮಚಕ್ಕೆ 15 ಗ್ರಾಂ. ನೀರಿಗೆ ಇದು ಸರಿ, ಏಕೆಂದರೆ ಒಂದು ಮಿ.ಲೀ. ನೀರಿನ ತೂಕ ಸುಮಾರು ಒಂದು ಗ್ರಾಂ. ಆದರೆ ಅದೇ ಟೇಬಲ್ ಚಮಚದಲ್ಲಿ ಮಟ್ಟಸವಾಗಿ ತುಂಬಿದರೆ ಮೈದಾ 8 ಗ್ರಾಂ ಆಸುಪಾಸು, ಸಕ್ಕರೆ 12ರಿಂದ 13, ಪುಡಿ ಉಪ್ಪು 18, ಜೇನುತುಪ್ಪ 21 ಗ್ರಾಂ ಹಿಡಿಯುತ್ತದೆ. ಕಲ್ಲುಪ್ಪಾದರೆ ಹರಳುಗಳ ನಡುವೆ ಗಾಳಿ ನಿಲ್ಲುವುದರಿಂದ ಪುಡಿ ಉಪ್ಪಿಗಿಂತ ಕಡಿಮೆ ತೂಗುತ್ತದೆ. ಪಾವು, ಚಟಾಕುಗಳಲ್ಲಿ ಅಳೆದು ಅಡುಗೆ ಮಾಡುತ್ತಿದ್ದ ನಮ್ಮ ಅಜ್ಜಿಯರಿಗೆ ಈ ತಾಪತ್ರಯ ಇರಲಿಲ್ಲ. ಅವರ ಅಡುಗೆಯ ಲೆಕ್ಕವೂ ಅದೇ ಪಾವಿನದ್ದಾಗಿತ್ತು.

ಪಟ್ಟಿಯನ್ನು ನಂಬಿ ನಾನು ಮಾಡಿದ ಪುಡಿಯ ಗತಿ ಹೀಗಾಯಿತು. ಬೇಕಾಗಿದ್ದುದು 100 ಗ್ರಾಂ ಕೊತ್ತಂಬರಿ ಬೀಜಕ್ಕೆ 10 ಗ್ರಾಂ ಮೆಂತ್ಯ. ಪಟ್ಟಿಯ ಪ್ರಕಾರ ಕೊತ್ತಂಬರಿ ಆರೂಮುಕ್ಕಾಲು ಟೇಬಲ್ ಚಮಚ, ಮೆಂತ್ಯ ಎರಡು ಟೀ ಚಮಚ. ಆದರೆ ಟೊಳ್ಳಾದ ಕೊತ್ತಂಬರಿ ಬೀಜ ಟೇಬಲ್ ಚಮಚಕ್ಕೆ 5 ಗ್ರಾಂ ಮಾತ್ರ ತೂಗುತ್ತದೆ, ಗಟ್ಟಿ ಮೆಂತ್ಯವಾದರೋ ಸುಮಾರು 11 ಗ್ರಾಂ. ಹೀಗಾಗಿ ಬಾಣಲೆಗೆ ಬಿದ್ದದ್ದು 34 ಗ್ರಾಂ ಕೊತ್ತಂಬರಿ, ಏಳು ಗ್ರಾಂಗೂ ಮಿಕ್ಕ ಮೆಂತ್ಯ, ಎಂದರೆ ಇರಬೇಕಾದ ಪ್ರಮಾಣಕ್ಕಿಂತ ಎರಡು ಪಟ್ಟು ಹೆಚ್ಚು ಕಹಿ. ಬೆಲ್ಲ ಎಷ್ಟು ಹಾಕಿದರೂ ಆ ಸಾರು ಸರಿಹೋಗಲಿಲ್ಲ.

ಪದಾರ್ಥವಾರು ತೂಕವನ್ನು ಮುದ್ರಿಸಿದ್ದರೂ ಸಾಲದು, ಚಮಚ ತುಂಬುವ ಬಗೆಯನ್ನೂ ಹೇಳಬೇಕಿತ್ತು. ಜರಡಿ ಹಿಡಿದು ಹಗುರವಾಗಿ ಎತ್ತಿದ ಕಡಲೆಹಿಟ್ಟಿಗೂ ಡಬ್ಬಿಯಲ್ಲಿ ಒತ್ತಿ ತೆಗೆದದ್ದಕ್ಕೂ ತೂಕದಲ್ಲಿ ಗಣನೀಯ ಅಂತರವಿರುತ್ತದೆ, ಮೈಸೂರು ಪಾಕಿನಂಥ ತಿಂಡಿಯಲ್ಲಿ ಅದು ಕೂಡಲೇ ತಿಳಿದುಬರುತ್ತದೆ. ಆಸ್ಟ್ರೇಲಿಯಾದ ಪಾಕವಿಧಾನಗಳಲ್ಲಿ ಟೇಬಲ್ ಚಮಚವೆಂದರೆ 20 ಮಿ.ಲೀ. ಎಂಬ ಸಂಗತಿಗೂ ಪಟ್ಟಿಯಲ್ಲಿ ಜಾಗವಿಲ್ಲ.

ಮಾರಿದವರಿಗೆ ಬರೆದಾಗ, ಪಟ್ಟಿ ಉಚಿತ ಕೊಡುಗೆಯಾದ್ದರಿಂದ ಅದಕ್ಕೆ ತಾವು ಹೊಣೆಯಲ್ಲ ಎಂಬ ಉತ್ತರ ಬಂತು. ಹಾಗಿದ್ದರೆ ಪೆಟ್ಟಿಗೆಯ ಮೇಲೆ ಅದರ ಚಿತ್ರವನ್ನು ಚಮಚಗಳಿಗಿಂತ ದೊಡ್ಡದಾಗಿ ಅಚ್ಚು ಹಾಕಿದ್ದೇಕೋ! ಪಟ್ಟಿಯಿಲ್ಲದ ಇಂಥವೇ ಚಮಚಗಳು ನಮ್ಮ ಪೇಟೆಯ ಪಾತ್ರೆ ಅಂಗಡಿಯಲ್ಲಿ 200 ರೂಪಾಯಿಗೆ ಸಿಗುತ್ತವೆ. ಅವನ್ನು ಕೊಳ್ಳಲು ಅಡ್ಡಿಯಿಲ್ಲ. ನಾನಂತೂ ಪಕ್ಕದ ಮನೆಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಒಂದು ಮಧ್ಯಾಹ್ನಕ್ಕೆ ಎರವಲು ತಂದು, ಒಂದೊಂದು ಪದಾರ್ಥವನ್ನೂ ಮೂರು ಸಲ ತೂಗಿ, ಸರಾಸರಿಯನ್ನು ಆ ಪಟ್ಟಿಯ ಹಿಂಬದಿಯಲ್ಲೇ ಪೆನ್ಸಿಲಿನಿಂದ ಬರೆದು, ಬರೆದ ಮಗ್ಗುಲು ಕಾಣುವಂತೆ ಒಲೆಯ ಪಕ್ಕ ತೂಗುಹಾಕಿದ್ದೇನೆ.