ನ್ಯೂಟ್ ಗುರುತಿಸೋ ಮಡಚೋ ಚಾರ್ಟ್: ಚಿತ್ರ ಸೂಪರ್, ಹೆಸರು ಮಾತ್ರ ಹಳೇದು

ಐದಕ್ಕೆ ಮೂರು ಸ್ಟಾರ್. ಇಂಗ್ಲೆಂಡಿಗೆ ಬಂದ್ಮೇಲೆ ಮಗಳಿಗೂ ನನಗೂ ರಾತ್ರಿ ಟಾರ್ಚ್ ಹಿಡ್ಕೊಂಡು ಕೊಳದಲ್ಲಿ ನ್ಯೂಟ್ ಹುಡ್ಕೋ ಹುಚ್ಚು ಹತ್ತಿದೆ, ನೋಡೋಕೆ ಹಲ್ಲಿ ಥರ ಇದ್ರೂ ಕಪ್ಪೆ ಕಡೆ ನೆಂಟರು ಇವು, ನಮ್ ಕರ್ನಾಟಕದಲ್ಲಿ ಇಲ್ವೇ ಇಲ್ಲ. ಒಂದು ಗಿಫ್ಟ್ ಶಾಪಲ್ಲಿ ಈ ಲ್ಯಾಮಿನೇಟೆಡ್ ಚಾರ್ಟ್ ಸಿಕ್ತು, ತಗೊಂಡ್ವಿ.

ಚಿತ್ರಕ್ಕೆ ಫುಲ್ ಮಾರ್ಕ್ಸ್. ಸ್ಮೂತ್ ನ್ಯೂಟ್, ಪಾಮೇಟ್ ನ್ಯೂಟ್ ಎರಡರ ಹೆಣ್ಣುಗಳೂ ಅವಳಿ ಜವಳಿ ಇದ್ದಂಗೆ, ಆದ್ರೆ ಗಂಟಲು ದೊಡ್ಡದಾಗಿ ತೋರ್ಸಿದಾರೆ: ಸ್ಮೂತಿಗೆ ಸಾಮಾನ್ಯವಾಗಿ ಚುಕ್ಕೆ ಇರುತ್ತೆ, ಪಾಮೇಟಿಗೆ ಗುಲಾಬಿ ಬಣ್ಣ, ಚುಕ್ಕೆ ಇಲ್ಲ. ಕೆಸರಲ್ಲಿ ಬಿದ್ರೂ ಒರೆಸ್ಕೊಂಡ್ರೆ ಆಯ್ತು.

ಸಮಸ್ಯೆ ಹೆಸರಲ್ಲಿ. ವೈಜ್ಞಾನಿಕ ಹೆಸರಿನ ಮೊದಲ ಭಾಗ, ಅಂದ್ರೆ ಮನೆತನದ (ಜೀನಸ್) ಹೆಸರು, ಎಲ್ಲಾದಕ್ಕೂ ಟ್ರೈಟುರಸ್ ಅಂತ ಬರ್ದಿದಾರೆ, ನಾನೂ ಹಂಗೇ ಕಂಡ ನ್ಯೂಟುಗಳ ನೋಂದಣಿ ಫಾರಂ ತುಂಬಿ ಕೊಟ್ಟೆ, ಅಲ್ಲಿದ್ದ ಅಜ್ಜ 'ಇದು ಯಾವ ಕಾಲದ್ದು?' ಅಂತ ನಕ್ಕುಬಿಟ್ರು. ಡಿಎನ್ಎ ನೋಡಿದ್ಮೇಲೆ ಈ ಒಂದೇ ಮನೆತನ ಅಂದ್ಕೊಂಡಿದ್ದು ಅಸಲಿಗೆ ಒಂದೇ ಅಲ್ಲ ಅಂತ ಗೊತ್ತಾಗಿ, 2004ರ ಹೊತ್ತಿಗೇ ಪಾಲು ಮಾಡಿದ್ರು. ಸ್ಮೂತ್, ಪಾಮೇಟ್ ಎರಡೂ ಲಿಸೋಟ್ರೈಟನ್ ಆದ್ವು, ದೊಡ್ಡ ಜುಟ್ಟಿನ ಗ್ರೇಟ್ ಕ್ರೆಸ್ಟೆಡ್ ಮಾತ್ರ ಟ್ರೈಟುರಸ್ ಆಗೇ ಉಳೀತು. ಅಂದಹಾಗೆ ಸ್ಮೂತ್ ನ್ಯೂಟಿಗೆ 1758ರಲ್ಲಿ, ಜೀವಿಗಳಿಗೆ ಎರಡು ಪದದ ಹೆಸರಿಡೋ ಪದ್ಧತಿ ತಂದ ಲಿನ್ನೇಯಸ್ ಇಟ್ಟಿದ್ದು ಲಸೆರ್ಟಾ ವಲ್ಗಾರಿಸ್, ಅಂದ್ರೆ ಆವಯ್ಯನೂ ಹಲ್ಲಿ ಗುಂಪಿಗೇ ಸೇರ್ಸಿದ್ದ, ನಾವು ಕನ್ಫ್ಯೂಸ್ ಆದ್ರೆ ತಪ್ಪೇನಿಲ್ಲ!

ಚಾರ್ಟಲ್ಲಿರೋ ಆಲ್ಪೈನ್ ನ್ಯೂಟಿನ ಕಥೆ ಇನ್ನೂ ಮಜಾ. ಅದು ಟ್ರೈಟುರಸ್ ಇದ್ದದ್ದು ಮೀಸೋಟ್ರೈಟನ್ ಆಯ್ತು, ಜನ ಬಾಯಿಪಾಠ ಮಾಡೋಷ್ಟರಲ್ಲಿ 1801ರಲ್ಲೇ ಇದರ ಮರಿಗೆ ಇಕ್ಥಿಯೋಸಾರಾ ಅಂತ ಹೆಸರಿಟ್ಟಿದ್ರು ಅಂತ ಯಾರೋ ಪತ್ತೆ ಹಚ್ಚಿದ್ರು. ಮೊದಲು ಇಟ್ಟಿದ್ದೇ ಗೆಲ್ಬೇಕು ಅನ್ನೋದು ರೂಲು, ಹಂಗಾಗಿ ಈಗ ಅದೇ. ಮಗಳು ಕೇಳಿ 'ಡೈನೋಸಾರಾ ಅಪ್ಪಾ?' ಅಂದ್ಲು. ನನಗಂತೂ ಈ ರೂಲು ಅತಿಯಾಯ್ತು ಅನ್ಸುತ್ತೆ, ಆದ್ರೆ ಮನೆತನ ಪಾಲು ಮಾಡಿದ್ದು ಸರಿನೇ, ಸಂಬಂಧ ಇಲ್ದೋರನ್ನ ಒಂದೇ ರೇಷನ್ ಕಾರ್ಡಲ್ಲಿ ಇಟ್ರೆ ಹೇಗೆ?

ಇದು ಯೂರೋಪಿನೋರ ತಲೆನೋವು ಮಾತ್ರ ಅಲ್ಲ. ನಮ್ ಡಾರ್ಜಿಲಿಂಗ್ ಕಡೆ ಇರೋ ನ್ಯೂಟನ್ನ ಟೈಲೋಟ್ರೈಟನ್ ವೆರುಕೋಸಸ್ ಅಂತಲೇ ಓದ್ಕೊಂಡು ಬಂದಿದ್ವಿ, 2015ರಲ್ಲಿ ಪೂರ್ವ ನೇಪಾಳದ್ದನ್ನ ಟೈಲೋಟ್ರೈಟನ್ ಹಿಮಾಲಯಾನಸ್ ಅಂತ ಬೇರೆ ಮಾಡಿದ್ರು, ಈಗ ಡಾರ್ಜಿಲಿಂಗಿಂದನ್ನೂ ಆ ಹೆಸರಲ್ಲೇ ಕರೀತಾರೆ.

ಚಾರ್ಟ್ ತಗೊಳ್ಳೋರು ತಗೊಳ್ಳಿ, ಜೊತೆಗೆ ಒಂದು ಪರ್ಮನೆಂಟ್ ಮಾರ್ಕರೂ ತಗೊಳ್ಳಿ. ನಾನು ಮೂರು ಕಡೆ ಗೀಟು ಹಾಕಿ ಹೊಸ ಹೆಸರು ಬರ್ದಿದೀನಿ, ಕ್ರೆಸ್ಟೆಡ್ ಹತ್ರ ಏನೂ ಮುಟ್ಟಿಲ್ಲ.