ಬಿಚ್ಚಿ ಜೋಡಿಸಬಹುದಾದ ರೋಬೋ: ವೈಂಡಿಂಗ್ ಅಂಗಡಿಯವನು ಕಂಡ ಎಂಬಾಟ್

ಉಡುಪಿಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಬಾವಿಯ ಪಂಪು, ಮಿಕ್ಸಿ, ಫ್ಯಾನು, ಹಿಟ್ಟಿನ ಗಿರಣಿಯ ಮೋಟಾರು, ಸುಟ್ಟದ್ದೆಲ್ಲ ನನ್ನ ಮೇಜಿಗೆ ಬರುತ್ತದೆ. ಏಳನೇ ತರಗತಿಯ ಮಗಳು ರೋಬೋ ಕಿಟ್ ಬೇಕೆಂದಾಗ ಪೆಟ್ಟಿಗೆಯ ಮೇಲಿನ ಚಿತ್ರಗಳಿಗಿಂತ ಮೊದಲು ನಾನು ನೋಡಿದ್ದು, ಅದನ್ನು ಬಿಚ್ಚಲು ಬರುತ್ತದೆಯೇ ಎಂದು. ನಾವು ಕೊಂಡ ಎಂಬಾಟ್ (mBot) ಎಂಬ ಕಿಟ್ ಪೂರ್ತಿ ಬಿಚ್ಚಲು ಬರುತ್ತದೆ. ಅಂಟು ಹಾಕಿ ಮುಚ್ಚಿದ ಭಾಗ ಒಂದೂ ಇಲ್ಲ. ಎಲ್ಲವೂ ಸ್ಕ್ರೂ, ನಟ್ಟು, ಕಣ್ಣಿಗೆ ಕಾಣುವ ತಂತಿ. ನಾನು ಈ ಕಿಟ್ಟನ್ನು ಇಷ್ಟಪಡಲು ಇದೇ ಮುಖ್ಯ ಕಾರಣ.

ಚೀನಾದ ಶೆನ್‌ಝೆನ್ ನಗರದ ಮೇಕ್‌ಬ್ಲಾಕ್ ಕಂಪನಿ 2015ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಮುಂಗಡ ಹಣ ಪಡೆದು ಎಂಬಾಟನ್ನು ಹೊರತಂದಿತು. ಆಮೇಲೆ ಪರದೆ, ವೈಫೈ ಇರುವ ಎಂಬಾಟ್2 ಬಂದಿದೆ. ನಾನು ಹೇಳುತ್ತಿರುವುದು ಮೊದಲನೆಯದರ ಬಗ್ಗೆ. ನನಗೆ ಬಿದ್ದ ಬೆಲೆ ಹತ್ತು ಸಾವಿರ ರೂಪಾಯಿಯ ಒಳಗೆ. ಕಡಿಮೆಯೇನಲ್ಲ. ನನ್ನಂಥವರ ಮನೆಯಲ್ಲಿ ಇಷ್ಟು ಹಣಕ್ಕೆ ಆಟಿಕೆ ಕೊಳ್ಳುವ ಮಾತು ಬಂದರೆ ನಾಲ್ಕು ಸಲ ಯೋಚಿಸುತ್ತಾರೆ, ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನ ಮಗಳು ಅದನ್ನು ಚಾವಡಿಯಲ್ಲಿ ಹರಡಿಕೊಂಡು ಕೂತಳು. ತೂತುಗಳಿರುವ ಅಲ್ಯೂಮಿನಿಯಮ್ ಚಾಸಿ, ಎರಡು ಗೇರ್ ಮೋಟಾರು, ಎರಡು ಚಕ್ರ, ಮುಂದಕ್ಕೊಂದು ಪುಟ್ಟ ಉರುಳು ಚಕ್ರ, ಬೋರ್ಡು, ಬ್ಯಾಟರಿ ಡಬ್ಬಿ, ಎರಡು ಕಣ್ಣಿನಂತೆ ಕಾಣುವ, ದೂರ ಅಳೆಯುವ ಶ್ರವಣಾತೀತ (ಅಲ್ಟ್ರಾಸಾನಿಕ್) ಸೆನ್ಸರ್, ಕೆಳಗೆ ಗೆರೆ ಗುರುತಿಸುವ ಸೆನ್ಸರ್. ಸ್ಕ್ರೂಡ್ರೈವರ್ ಪೆಟ್ಟಿಗೆಯಲ್ಲೇ ಇದೆ. ಚಿತ್ರ ನೋಡಿಕೊಂಡು ಅವಳೇ ಜೋಡಿಸಿದಳು, ನಾನು ಮೋಟಾರಿನ ತಂತಿಗಳನ್ನು ಮಾತ್ರ ನೋಡಿಕೊಂಡೆ. ಸೆನ್ಸರುಗಳಿಗೆ ಟೆಲಿಫೋನ್ ತಂತಿಗೆ ಬಳಸುವ ಜಾತಿಯ ಪ್ಲಗ್ಗು ಇರುವುದರಿಂದ ತಲೆಕೆಳಗಾಗಿ ಚುಚ್ಚಲು ಸಾಧ್ಯವೇ ಇಲ್ಲ. ಮಕ್ಕಳ ಕೈಗೆ ಕೊಡುವ ವಸ್ತುವಿನಲ್ಲಿ ಇದು ಒಳ್ಳೆಯ ವಿಚಾರ. ಕಾರ್ಖಾನೆಯಲ್ಲೇ ತುಂಬಿದ ಒಂದು ಪ್ರೋಗ್ರಾಮ್ ಇರುವುದರಿಂದ ಜೋಡಿಸಿದ ತಕ್ಷಣ ಅದು ಓಡುತ್ತದೆ: ರಿಮೋಟಿನ ಎ ಒತ್ತಿದರೆ ನೀವು ಓಡಿಸಬಹುದು, ಬಿ ಒತ್ತಿದರೆ ಅಡ್ಡ ಬಂದದ್ದನ್ನು ತಪ್ಪಿಸಿಕೊಳ್ಳುತ್ತದೆ, ಸಿ ಒತ್ತಿದರೆ ಕಪ್ಪು ಗೆರೆ ಹಿಡಿದು ಹೋಗುತ್ತದೆ. ಬಹಳ ಮನೆಗಳಲ್ಲಿ ಕಿಟ್ಟಿನ ಆಯುಷ್ಯ ಇಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ಅನುಮಾನ. ರಿಮೋಟನ್ನು ಕಪಾಟಿನಲ್ಲಿಟ್ಟು ಕಂಪ್ಯೂಟರ್ ತೆರೆದಾಗಲೇ ನಿಜವಾದ ಕಲಿಕೆ ಶುರುವಾಗುವುದು.

ಬೋರ್ಡಿನ ಹೆಸರು ಎಂಕೋರ್. ಹವ್ಯಾಸಿಗಳು ಬಹಳ ಬಳಸುವ ಆರ್ಡುಯಿನೊ ಉನೊ ಎಂಬ ಪುಟ್ಟ ಬೋರ್ಡನ್ನು ಆಧರಿಸಿದ್ದು, ಒಳಗಿರುವುದು ಎಟಿಮೆಗಾ328 ಚಿಪ್ಪು. ಪ್ರೋಗ್ರಾಮ್ ಇಡಲು 32 ಕಿಲೋಬೈಟ್ ಜಾಗ, ಕೆಲಸ ನಡೆಯುವಾಗಿನ ಲೆಕ್ಕಕ್ಕೆ 2 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಇದರಲ್ಲಿ ಹಿಡಿಸದು. ಪ್ರೋಗ್ರಾಮ್ ಬರೆಯುವುದು ಎಂಬ್ಲಾಕ್ ಎಂಬ ತಂತ್ರಾಂಶದಲ್ಲಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಮಕ್ಕಳಿಗಾಗಿ ಬಿಡುಗಡೆ ಮಾಡಿದ ಸ್ಕ್ರ್ಯಾಚ್ ಎಂಬ ಪ್ರೋಗ್ರಾಮ್ ಭಾಷೆಯ ಮೇಲೆ ಕಟ್ಟಿದ್ದು. ಬಣ್ಣದ ಬ್ಲಾಕುಗಳನ್ನು ಒಂದಕ್ಕೊಂದು ಕೂಡಿಸಿದರೆ ಆಯಿತು. ಮಗಳು ಕನ್ನಡ ಮಾಧ್ಯಮದವಳು, ನಮ್ಮ ಪರದೆಯ ಮೇಲೆ ಬ್ಲಾಕುಗಳ ಬರಹವೆಲ್ಲ ಇಂಗ್ಲಿಷಿನಲ್ಲಿತ್ತು. ಅವಳಿಗೆ ಕಷ್ಟವಾಗಬಹುದೆಂದು ನನ್ನ ಹೆಂಡತಿಗೆ ಚಿಂತೆಯಿತ್ತು. ಆದರೆ ನಿತ್ಯ ಬೇಕಾಗುವ ಪದಗಳು ಕೆಲವೇ, ಬ್ಲಾಕುಗಳ ಬಣ್ಣ ಮತ್ತು ಆಕಾರವೂ ದಾರಿ ತೋರಿಸುತ್ತವೆ. ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ಅರ್ಥ ಬರೆದಿಟ್ಟುಕೊಂಡಳು, ಬೇಗನೆ ಆ ಪುಟ ತಿರುಗಿಸುವುದನ್ನೇ ಬಿಟ್ಟಳು. ಕನ್ನಡ ಶಾಲೆಯ ಮಕ್ಕಳ ತಂದೆ ತಾಯಿಯರು ಈ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ.

ಇನ್ನು ಮೋಟಾರಿನ ವಿಷಯ. ಇಲ್ಲಿ ನನಗೆ ಹೇಳುವುದು ಬಹಳ ಇದೆ.

ಮಗಳ ಮೊದಲ ಪ್ರೋಗ್ರಾಮ್ ಚೌಕ ಹಾಕುವುದು: ಮುಂದೆ ಹೋಗು, ಬಲಕ್ಕೆ ತಿರುಗು, ಹೀಗೆ ನಾಲ್ಕು ಸಲ. ಎಂಐಟಿಯ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು 1967ರಲ್ಲಿ ಮಕ್ಕಳಿಗಾಗಿ ರೂಪಿಸಿದ ಲೋಗೋ ಭಾಷೆಯಲ್ಲೂ, ಆಮೇಲೆ ನೆಲದ ಮೇಲೆ ಓಡಿಸಿದ ಆಮೆ ರೋಬೋದಲ್ಲೂ ಪಾಠ ಹೀಗೆಯೇ ಶುರುವಾಗುತ್ತಿತ್ತು. ಪರದೆಯ ಮೇಲೆ ಚೌಕ ಎಂದರೆ ಚೌಕವೇ. ನಮ್ಮ ಚಾವಡಿಯಲ್ಲಿ ಅದು ಚೌಕವಾಗಲಿಲ್ಲ. ರೋಬೋ ನೇರ ಹೋಗುವ ಬದಲು ಎಡಕ್ಕೆ ವಾಲಿತು, ತಿರುವು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಎರಡು ಮೋಟಾರೂ ಒಂದೇ ತಯಾರಿಕೆ, ಒಂದೇ ಆದೇಶ, ಆದರೂ ಓಟ ಒಂದೇ ಅಲ್ಲ. ಕಂಬಳದ ಕೋಣಗಳ ಜೋಡಿಯಲ್ಲಿ ಒಂದು ಮುಂದೆ ಜಗ್ಗಿದರೆ ಹಲಗೆ ಹೇಗೆ ಓರೆಯಾಗುತ್ತದೋ ಹಾಗೆ. ಬ್ರಷ್ ಕೂತ ರೀತಿ, ಗೇರಿನ ಉಜ್ಜುವಿಕೆ, ಸುರುಳಿಯ ರೋಧದಲ್ಲಿ ಕೂದಲೆಳೆಯ ವ್ಯತ್ಯಾಸ, ಇಷ್ಟು ಸಾಕು. ನನ್ನ ಮೇಜಿನ ಮೇಲೆ ದಿನವೂ ನಾನು ನೋಡುವ ಸಂಗತಿ ಇದು, ಮಗಳಿಗೆ ಹೇಳಿಕೊಡಲು ಇಂಥ ಅವಕಾಶ ಹಿಂದೆ ಸಿಕ್ಕಿರಲಿಲ್ಲ.

ಈ ಮೋಟಾರುಗಳಲ್ಲಿ ಸುತ್ತು ಎಣಿಸುವ ಎನ್ಕೋಡರ್ ಇಲ್ಲ. ಚಕ್ರ ಎಷ್ಟು ತಿರುಗಿತು ಎಂಬುದು ಬೋರ್ಡಿಗೆ ಗೊತ್ತಾಗುವುದಿಲ್ಲ. ನಾವು ಹೇಳಬಹುದಾದದ್ದು ಇಂತಿಷ್ಟು ಶಕ್ತಿಯಲ್ಲಿ ಇಂತಿಷ್ಟು ಹೊತ್ತು ಎಂದು ಮಾತ್ರ. ಡಿಸಿ ಮೋಟಾರಿನ ವೇಗ ವೋಲ್ಟೇಜಿನೊಂದಿಗೆ ಏರಿ ಇಳಿಯುವುದರಿಂದ ಹೊಸ ಬ್ಯಾಟರಿಯಲ್ಲಿ ಸರಿಯಾಗಿ ತಿರುಗಿದ ರೋಬೋ ಬ್ಯಾಟರಿ ಇಳಿದ ಮೇಲೆ ಅರ್ಧ ತಿರುವಿಗೆ ನಿಲ್ಲುತ್ತದೆ. ಮಗಳು ಮಲ್ಟಿಮೀಟರ್ ಹಿಡಿಯಲು ಕಲಿತದ್ದು ಇದಕ್ಕಾಗಿ. ಓಡಿಸುವ ಮೊದಲು ನಾಲ್ಕು ಸೆಲ್ಲುಗಳ ವೋಲ್ಟೇಜ್ ಅಳೆದು ಬರೆದುಕೊಳ್ಳುತ್ತಾಳೆ, ತಿರುವಿನ ಸಮಯವನ್ನು ಅದಕ್ಕೆ ತಕ್ಕಂತೆ ಬದಲಿಸುತ್ತಾಳೆ. ಬ್ಲಾಕಿನ ಪಕ್ಕದಲ್ಲಿ ಅದೇ ಪ್ರೋಗ್ರಾಮಿನ ಸಿ ಭಾಷೆಯ ರೂಪವೂ ಕಾಣುತ್ತದೆ. ಅಲ್ಲಿ ಶೇಕಡಾ 50 ಶಕ್ತಿಯನ್ನು 255ರಿಂದ ಗುಣಿಸುವುದನ್ನು ಕಂಡು, "ಅಪ್ಪ, 255 ಯಾಕೆ, 250 ಯಾಕಲ್ಲ?" ಎಂದು ಕೇಳಿದಳು. ಎಂಟು ಬಿಟ್ಟುಗಳಲ್ಲಿ, ಅಂದರೆ 0 ಅಥವಾ 1 ಕೂರುವ ಎಂಟು ಸ್ಥಾನಗಳಲ್ಲಿ, ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಅದು ಎಂಬುದನ್ನು ಇಬ್ಬರೂ ಕೂತು ಎಣಿಸಿ ನೋಡಿದೆವು. ಶಕ್ತಿ ಅರ್ಧ ಎಂದರೆ ಬೋರ್ಡು ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಸಲ ಹಚ್ಚಿ ಆರಿಸಿ, ಅರ್ಧ ಹೊತ್ತು ಮಾತ್ರ ಕೊಡುತ್ತದೆ ಎಂಬುದು ಅವಳಿಗೆ ಆಶ್ಚರ್ಯ. ಕಡಿಮೆ ಶಕ್ತಿಯಲ್ಲಿ ಮೋಟಾರು ಸಣ್ಣಗೆ ಕೀರುವುದು ಆ ಹಚ್ಚಿ ಆರಿಸುವಿಕೆಯಿಂದಲೇ. ಈಗ ಅವಳು ಕಿವಿಯಿಂದಲೇ ಅದನ್ನು ಗುರುತಿಸುತ್ತಾಳೆ.

ಲೆಗೋದವರ ಮೈಂಡ್‌ಸ್ಟಾರ್ಮ್ಸ್ ರೋಬೋ ಕಿಟ್ ಈ ವಿಷಯದಲ್ಲಿ ಮುಂದಿತ್ತು. 1998ರಲ್ಲಿ ಶುರುವಾಗಿ 2022ರ ಕೊನೆಗೆ ನಿಂತುಹೋದ ಆ ಸರಣಿಯಲ್ಲಿ 2006ರ ಎನ್‌ಎಕ್ಸ್‌ಟಿ ಎಂಬ ಮಾದರಿಯಿಂದ ಮೋಟಾರಿನೊಳಗೇ ಸುತ್ತಿನ ಸೆನ್ಸರ್ ಬಂತು, 90 ಡಿಗ್ರಿ ಎಂದರೆ 90 ಡಿಗ್ರಿಯ ಹತ್ತಿರ ತಿರುಗುತ್ತಿತ್ತು. ಎಂಬಾಟ್2ರಲ್ಲೂ ಎನ್ಕೋಡರ್ ಮೋಟಾರುಗಳಿವೆ. ಸ್ಪರ್ಧೆಗೆ ಹೋಗುವ ಮಕ್ಕಳಿಗೆ ಅದು ಬೇಕು. ಮೊದಲ ಬಾರಿ ಕಲಿಯುವ ಮಗುವಿಗೆ ಮಾತ್ರ ನಾನು ಎನ್ಕೋಡರ್ ಇಲ್ಲದ್ದನ್ನೇ ಕೊಡುತ್ತೇನೆ. ಹೇಳಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರವನ್ನು ಅಳೆದು ಸರಿಪಡಿಸುವುದು ನನ್ನ ಇಡೀ ಕಸುಬು. ಅದು ಅವಳಿಗೂ ಬರಲಿ ಎಂದು ನನ್ನ ಆಸೆ.

ಗೆರೆ ಹಿಡಿದು ಓಡುವ ಪಾಠಕ್ಕೆ ಪೆಟ್ಟಿಗೆಯಲ್ಲಿ ಎಂಟರ ಆಕಾರದ ಗೆರೆ ಮುದ್ರಿಸಿದ ಕಾಗದ ಇದೆ. ಅದಕ್ಕಿಂತ ನಮ್ಮ ನೆಲ ಹೆಚ್ಚು ಕಲಿಸಿತು. ಹಳೆಯ ಮನೆ, ಕೆಂಪು ಸಿಮೆಂಟಿನ ನೆಲ, ಸುತ್ತ ಕಪ್ಪು ಅಂಚು. ಗಾಢ ಕೆಂಪಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪು ರೋಬೋಗೆ ಕಾಣುವುದಿಲ್ಲವೇನೋ ಅನ್ನಿಸಿತ್ತು, ಆದರೆ ಚೆನ್ನಾಗಿ ಕಂಡಿತು. ಸೆನ್ಸರ್ ನೋಡುವುದು ಇನ್‌ಫ್ರಾರೆಡ್ ಬೆಳಕಿನಲ್ಲಿ. ಕೆಂಪು ಆಕ್ಸೈಡ್ ಆ ಬೆಳಕನ್ನು ಸಾಕಷ್ಟು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಟೇಪು ನುಂಗುತ್ತದೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣದು. ಟಿವಿ ರಿಮೋಟ್ ಕೆಟ್ಟಿದೆಯೇ ಎಂದು ನೋಡಲು ನಾವು ಮಾಡುವ ಉಪಾಯದಂತೆ ಮೊಬೈಲ್ ಕ್ಯಾಮೆರಾ ಹಿಡಿದರೆ ಮಂಕಾದ ನೇರಳೆ ಹೊಳಪು ಕಾಣಿಸುತ್ತದೆ. ಇಳಿಹೊತ್ತಿನ ಬಿಸಿಲು ಕಿಟಕಿಯಿಂದ ಬಿದ್ದ ಕಡೆ ರೋಬೋ ತಬ್ಬಿಬ್ಬಾಗುವುದು, ನೆಲದ ಕಪ್ಪು ಅಂಚನ್ನು ಗೆರೆಯೆಂದು ತಿಳಿದು ಗೋಡೆ ಹಿಡಿದು ಹೊರಡುವುದು, ಎರಡಕ್ಕೂ ಕಾರಣ ಅವಳೇ ಹುಡುಕಿದಳು.

ಆಮೇಲೆ ಅವಳು ಟೇಪಿನಲ್ಲಿ ರಥಬೀದಿ ಹಾಕಿದಳು. ನಡುವೆ ಕೃಷ್ಣಮಠ, ಅನಂತೇಶ್ವರ, ಚಂದ್ರಮೌಳೀಶ್ವರ ಎಂದು ಬರೆದ ರಟ್ಟಿನ ಪೆಟ್ಟಿಗೆಗಳು, ಸುತ್ತ ಅಷ್ಟ ಮಠಗಳು. ಮಕರ ಸಂಕ್ರಾಂತಿಯ ಮೂರು ತೇರಿನ ಉತ್ಸವ ಅವಳ ಮನಸ್ಸಿನಲ್ಲಿತ್ತು. ರೋಬೋ ಪ್ರದಕ್ಷಿಣೆಯಾಗಿ ಸುತ್ತಬೇಕು, ಪ್ರತಿ ಮಠದ ಮುಂದೆ ನಿಂತು ಒಂದು ಸದ್ದು ಮಾಡಬೇಕು. ನಿಲ್ಲುವ ಜಾಗದಲ್ಲಿ ಅಡ್ಡಲಾಗಿ ಒಂದು ಟೇಪು ಅಂಟಿಸಿದಳು. ರೋಬೋ ನಿಲ್ಲಲೇ ಇಲ್ಲ.

ಕಾರಣ ಹೀಗೆ. ಗೆರೆ ನೋಡಲು ಇರುವುದು ಅಕ್ಕಪಕ್ಕ ಎರಡೇ ಕಣ್ಣು. ಎರಡೂ ಕಪ್ಪಿನ ಮೇಲಿದ್ದರೆ 0, ಎಡಗಣ್ಣು ಮಾತ್ರ ಕಪ್ಪಿನ ಮೇಲಿದ್ದರೆ 1, ಬಲಗಣ್ಣು ಮಾತ್ರ ಇದ್ದರೆ 2, ಎರಡೂ ಹೊರಗಿದ್ದರೆ 3. ಸರಿಯಾಗಿ ಗೆರೆಯ ಮೇಲೆ ಹೋಗುವಾಗಲೂ 0, ಅಡ್ಡ ಟೇಪು ಬಂದಾಗಲೂ 0. ಅದಕ್ಕೆ ವ್ಯತ್ಯಾಸ ತಿಳಿಯುವುದು ಹೇಗೆ? ಎರಡು ದಿನ ಮಂಕಾಗಿದ್ದವಳು ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ, "ಟೇಪು ಅಂಟಿಸುವುದಲ್ಲ ಅಪ್ಪ, ಕತ್ತರಿಸುವುದು" ಎಂದಳು. ಮಠದ ಮುಂದೆ ಗೆರೆಯನ್ನೇ ಸ್ವಲ್ಪ ತುಂಡರಿಸಿದಳು. ಈಗ ಅಲ್ಲಿ 3 ಬರುತ್ತದೆ: ನಿಲ್ಲು, ಸದ್ದು ಮಾಡು, ನೇರ ಮುಂದೆ ಹೋಗಿ ಗೆರೆ ಹಿಡಿ. ಆದರೆ ನಿಜವಾಗಿ ದಾರಿ ತಪ್ಪಿದಾಗಲೂ 3 ಬರುತ್ತದಲ್ಲ, ಆಗ ರೋಬೋ ಅಡುಗೆಮನೆಯ ಬಾಗಿಲನ್ನೂ ಮಠವೆಂದು ಎಣಿಸುತ್ತಿತ್ತು. ಸ್ವಲ್ಪ ದೂರದೊಳಗೆ ಗೆರೆ ಮತ್ತೆ ಸಿಗದಿದ್ದರೆ ಹಿಂದೆ ಬಾ ಎಂಬ ಇನ್ನೊಂದು ಷರತ್ತು ಸೇರಿಸಿದಳು. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ನಾನಂತೂ ಖಂಡಿತ ಅಲ್ಲ. ಪ್ರೋಗ್ರಾಮ್ ಬರೆಯುವುದೆಂದರೆ ಏನು ಎಂದು ನನಗೆ ಅರ್ಥವಾದದ್ದೂ ಆ ಹೊತ್ತಿನಲ್ಲೇ.

ಶ್ರವಣಾತೀತ ಸೆನ್ಸರ್ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅದು ನಮಗೆ ಕೇಳಿಸದ, ಸೆಕೆಂಡಿಗೆ ಸುಮಾರು 40 ಸಾವಿರ ಸಲ ಕಂಪಿಸುವ ಸದ್ದು ಕಳಿಸಿ, ಪ್ರತಿಧ್ವನಿ ಬರುವ ಹೊತ್ತನ್ನು ಅಳೆಯುತ್ತದೆ. ಒಂದು ಮೀಟರ್ ದೂರದ ಗೋಡೆಗೆ ಹೋಗಿ ಬರಲು ಸುಮಾರು 6 ಮಿಲಿಸೆಕೆಂಡು. ಗೋಡೆ, ಕಪಾಟು ಎದುರಿಗಿದ್ದರೆ ಸರಿಯಾಗಿ ತಿಳಿಯುತ್ತದೆ. ಮಳೆಗಾಲದಲ್ಲಿ ಒಳಗೆ ಹಗ್ಗ ಕಟ್ಟಿ ಒಣಹಾಕಿದ ಸೀರೆ ಮಾತ್ರ ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ, ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ. ಓರೆಯಾಗಿ ನಿಂತ ಹಲಗೆಯೂ ಹಾಗೆಯೇ, ಪ್ರತಿಧ್ವನಿ ಬೇರೆ ಕಡೆ ಹೊರಟುಹೋಗುತ್ತದೆ.

ತಂತ್ರಾಂಶದಲ್ಲಿ ಪೋಷಕರು ತಿಳಿದಿರಬೇಕಾದದ್ದು ಒಂದಿದೆ. ನೇರ ಸಂಪರ್ಕದಲ್ಲಿ ಪ್ರೋಗ್ರಾಮ್ ಕಂಪ್ಯೂಟರಿನಲ್ಲೇ ನಡೆದು ಆದೇಶ ಮಾತ್ರ ರೋಬೋಗೆ ಹೋಗುತ್ತದೆ. ಅಪ್‌ಲೋಡ್ ಮಾಡಿದರೆ ಪ್ರೋಗ್ರಾಮ್ ಯುಎಸ್‌ಬಿ ತಂತಿಯ ಮೂಲಕ ಬೋರ್ಡಿಗೇ ಇಳಿಯುತ್ತದೆ, ಆಗ ಕಾರ್ಖಾನೆಯ ಪ್ರೋಗ್ರಾಮ್ ಅಳಿದು ರಿಮೋಟ್ ಕೆಲಸ ಮಾಡುವುದಿಲ್ಲ. ಕಿಟ್ ಕೆಟ್ಟಿತೆಂದು ಹೆದರಬೇಡಿ, ಅದೇ ತಂತ್ರಾಂಶದಿಂದ ಹಳೆಯದನ್ನು ಮತ್ತೆ ತುಂಬಬಹುದು.

ಕಿಟ್ ಕೊಳ್ಳುವ ಮೊದಲು ಊರಿನ ಒಂದು ತರಬೇತಿ ಕೇಂದ್ರಕ್ಕೂ ಮಗಳನ್ನು ಕರೆದುಕೊಂಡು ಹೋಗಿದ್ದೆ. ಹತ್ತಾರು ಮಕ್ಕಳಿಗೆ ಒಂದು ಜೋಡಿಸಿಟ್ಟ ರೋಬೋ, ಮಕ್ಕಳು ಸರದಿಯಲ್ಲಿ ನಿಂತು ಗುಂಡಿ ಒತ್ತುತ್ತಿದ್ದರು, ಕೊನೆಗೆ ಪ್ರಮಾಣಪತ್ರ. ನನಗೆ ಬೇಸರವಾಯಿತು. ಅಲ್ಲಿ ಕೇಳಿದ ಶುಲ್ಕಕ್ಕೆ ಸ್ವಲ್ಪ ಸೇರಿಸಿದರೆ ಈ ಕಿಟ್ ಮನೆಗೆ ಬರುತ್ತದೆ, ನೆರೆಯ ಎರಡು ಮಕ್ಕಳೂ ಜೊತೆಗೆ ಕೂರುತ್ತಾರೆ. ನಮ್ಮಲ್ಲಿ ಹಾಗೆಯೇ ಆಗಿದೆ. ಕಿಟ್ ಕೊಳ್ಳುವುದಕ್ಕೂ ಮೊದಲು ನಿಮ್ಮ ಮಗುವಿನ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯೇ ಎಂದು ವಿಚಾರಿಸಿ. 2016ರಲ್ಲಿ ನೀತಿ ಆಯೋಗ ಶುರುಮಾಡಿದ ಅಟಲ್ ಇನ್ನೊವೇಷನ್ ಮಿಷನ್ ಅಡಿ 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಆಯ್ದ ಶಾಲೆಗಳಲ್ಲಿ ಇಂಥ ಪ್ರಯೋಗಾಲಯಗಳಿವೆ. ಅದು ಬೀಗ ಹಾಕದೆ ತೆರೆದಿರುತ್ತದೆಯೇ ಎಂದೂ ಕೇಳಿ.

ಕೊಳ್ಳುವವರಿಗೆ ಇನ್ನೆರಡು ಮಾತು. ಬ್ಯಾಟರಿ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಸಾಮಾನ್ಯ ಎಎ ಸೆಲ್ಲು ನಾಲ್ಕಕ್ಕೆ 6 ವೋಲ್ಟು, ಚಾರ್ಜ್ ಮಾಡುವ ನಿಕಲ್ ಸೆಲ್ಲು ನಾಲ್ಕಕ್ಕೆ 4.8 ವೋಲ್ಟು. ಎರಡನೆಯದರಲ್ಲಿ ಓಟ ತುಸು ನಿಧಾನ, ಆದರೆ ವೋಲ್ಟೇಜು ಹೆಚ್ಚು ಹೊತ್ತು ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಕಲಿಯುವವರಿಗೆ ಅದೇ ವಾಸಿ. ಚಾರ್ಜರ್ ಜೊತೆಗೇ ತನ್ನಿ. ಮೋಟಾರಿನ ಗೇರು ಪ್ಲಾಸ್ಟಿಕ್ಕಿನದು, ಚಕ್ರವನ್ನು ಕೈಯಿಂದ ಬಲವಂತವಾಗಿ ತಿರುಗಿಸಲು ಮಕ್ಕಳಿಗೆ ಬಿಡಬೇಡಿ. ಸಮುದ್ರದ ಹತ್ತಿರದ ಮನೆಯಾದರೆ ಆಟ ಮುಗಿದ ಮೇಲೆ ಸೆಲ್ಲು ತೆಗೆದು, ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿ ಇಡಿ. ಮಲ್ಪೆ ಕಡೆಯಿಂದ ನನ್ನ ಅಂಗಡಿಗೆ ಬರುವ ಮೋಟಾರುಗಳಲ್ಲಿ ಉಪ್ಪುಗಾಳಿ ತಾಮ್ರಕ್ಕೆ ಹಿಡಿಸುವ ಹಸಿರು ಕಿಲುಬನ್ನು ಕೆರೆಯುವುದೇ ದೊಡ್ಡ ಕೆಲಸ. ಬ್ಯಾಟರಿ ಡಬ್ಬಿಯ ಸ್ಪ್ರಿಂಗನ್ನೂ ಆ ಉಪ್ಪುಗಾಳಿ ಬಿಡುವುದಿಲ್ಲ.