ನಿಂತ ವಿಮಾನಕ್ಕೆ ಕರೆಂಟ್: ಎಪಿಯು, ಗೇಟಿನ ಕೇಬಲ್, ಫ್ಯೂಯಲ್ ಸೆಲ್

ನಿಲ್ದಾಣದಲ್ಲಿ ನಿಂತ ವಿಮಾನಕ್ಕೆ ಕರೆಂಟ್ ಕೊಡಲು ಎಪಿಯು, ಗೇಟಿನ ಕೇಬಲ್, ಫ್ಯೂಯಲ್ ಸೆಲ್ ಈ ಮೂರರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಮೊದಲು ಹೊಗೆ ನೋಡೋಣ. ಎಪಿಯು ಅಂದರೆ ಬಾಲದಲ್ಲಿರುವ ಪುಟ್ಟ ಟರ್ಬೈನ್. ಜೆಟ್ ಇಂಧನವನ್ನೇ ಸುಡುತ್ತದೆ, ಸದ್ದೂ ಜಾಸ್ತಿ. ಗೇಟಿನ ಕೇಬಲ್ 115 ವೋಲ್ಟ್, 400 ಹರ್ಟ್ಸ್ ಕರೆಂಟ್ ಕೊಡುತ್ತದೆ, ವಿಮಾನದ ಪಕ್ಕ ಹೊಗೆಯೇ ಇಲ್ಲ. ಹೆಚ್ಚು ಹೊತ್ತು ನಿಲ್ಲುವುದಾದರೆ ನನ್ನ ಆಯ್ಕೆ ಇದೇ.

ಆದರೆ ಎಪಿಯು ಕೊಡುವಂತೆ ಕೇಬಲ್ ಗಾಳಿ ಕೊಡುವುದಿಲ್ಲ. ಕ್ಯಾಬಿನ್ ತಂಪಿಗೆ ಬೇರೆ ಕೊಳವೆ ಬೇಕು. ಬಹುತೇಕ ಜೆಟ್‌ಗಳ ಎಂಜಿನ್ ಶುರು ಮಾಡಲು ಒತ್ತಡದ ಗಾಳಿಯೂ ಬೇಕು (ಬೋಯಿಂಗ್ 787ಗೆ ಕರೆಂಟೇ ಸಾಕು). ಸೌಲಭ್ಯ ಕಡಿಮೆಯಿರುವ ನಿಲ್ದಾಣಗಳಿಗೆ ಹಾರುವವರಿಗೆ ಎಪಿಯು ಇರಲೇಬೇಕು.

ಹೈಡ್ರೋಜನ್ ಬಳಸಿ ಕರೆಂಟ್ ತಯಾರಿಸುವ ಫ್ಯೂಯಲ್ ಸೆಲ್‌ನಿಂದ ಹೊರಬರುವುದು ನೀರು, ಶಾಖ ಅಷ್ಟೇ. ಆಸೆ ಹುಟ್ಟುತ್ತದೆ ಅಲ್ವಾ? ಟ್ಯಾಂಕಿನ ತೂಕ, ಜಾಗವೇ ತೊಡಕು. ಈಗಿನ ವಿಮಾನಕ್ಕಿಂತ ಹೊಸದಾಗಿ ವಿನ್ಯಾಸ ಮಾಡುವವರಿಗೆ ಇದು ಹೊಂದುತ್ತದೆ.